ಗೊಣ್ಣೆಹುಳಕ್ಕೆ ಜಂತುಹುಳ: ಮೂರನೇ ಸಲಕ್ಕೆ ಗೆದ್ದೆ

“ಲಾನಲ್ಲಿ ಇರೋ ಹುಳ ಸಾಲದು ಅಂತ ದುಡ್ಡು ಕೊಟ್ಟು ಬೇರೆ ಹುಳ ತಂದು ಬಿಡ್ತೀಯಾ?” ಅಂತ ನಕ್ಕವರೆಲ್ಲ ಈಗ ಬಂದು ನನ್ನ ಹುಲ್ಲು ಮುಟ್ಟಿ ನೋಡಬಹುದು. ಹುಲ್ಲಿನ ಬೇರು ತಿನ್ನುವ ಗೊಣ್ಣೆಹುಳ (ದುಂಬಿಯ ಮರಿ) ಕೊಲ್ಲಲು ನಾನು ಬಿಟ್ಟದ್ದು ಅದರ ಮೈಯೊಳಗೆ ಹೊಕ್ಕು ಸಾಯಿಸುವ ಸಣ್ಣ ಜಂತುಹುಳ (ನೆಮಟೋಡ್).

ಮೊದಲು ನನ್ನ ಪೆದ್ದುತನ ಹೇಳಿಬಿಡುತ್ತೇನೆ. ಹುಲ್ಲು ತೇಪೆ ಹಾಕಿದ ಹಾಗೆ ಅಲ್ಲಲ್ಲಿ ಹಳದಿಯಾದಾಗ ನೀರು ಸಾಲುತ್ತಿಲ್ಲ ಅಂದುಕೊಂಡೆ. ಆಮೇಲೆ ಶಿಲೀಂಧ್ರ ಇರಬೇಕು ಅಂತ ಎರಡು ಸಲ ಔಷಧಿ ಹೊಡೆದೆ. ಸೋಪು ನೀರು ಹುಯ್ದು ಕಾದೆ, ಏನೂ ಮೇಲೆ ಬರಲಿಲ್ಲ. ಹುಳ ಇಲ್ಲ ಅಂತ ತೀರ್ಮಾನ! ಸೋಪು ನೀರಿಗೆ ಎದ್ದು ಬರುವುದು ಎಲೆ ತಿನ್ನುವ ಸೈನಿಕ ಹುಳದಂಥವು. ಬೇರಿನಲ್ಲಿ ಕೂತ ಗೊಣ್ಣೆ ಜಪ್ಪಯ್ಯ ಅಂದರೂ ಏಳಲ್ಲ. ಇಷ್ಟರಲ್ಲಿ ಒಂದೂವರೆ ತಿಂಗಳು ಹೋಯಿತು, ದುಡ್ಡೂ ಹೋಯಿತು.

ಹಕ್ಕಿಗಳು ಕೆದಕಿದ ಜಾಗದಲ್ಲಿ ಒಂದು ದಿನ ಹುಲ್ಲು ಹಿಡಿದು ಎಳೆದೆ. ಚಾಪೆ ಸುತ್ತಿದ ಹಾಗೆ ಎದ್ದು ಬಂತು. ಬೇರೇ ಇಲ್ಲ. ಕೆಳಗೆ ಗೊಣ್ಣೆಹುಳ: ಬಿಳಿ ಮೈ, ಕಂದು ತಲೆ, ಮುಂದೆ ಆರು ಕಾಲು, ಹಿಂಬದಿಯ ಚರ್ಮದೊಳಗೆ ತಿಂದ ಮಣ್ಣು ಕಪ್ಪಗೆ ಕಾಣುತ್ತಿತ್ತು. ಅಂಗೈ ಮೇಲಿಟ್ಟರೆ ಮೈ ಬಗ್ಗಿಸಿಕೊಂಡು ಸುಮ್ನೆ ಮಲಗಿತು. ಒಂದು ಚದರ ಅಡಿಯಲ್ಲಿ 14-15 ಸಿಕ್ಕವು. ನಾಲ್ಕೈದು ಇದ್ದರೆ ಗಟ್ಟಿ ಹುಲ್ಲು ತಡೆದುಕೊಳ್ಳುತ್ತದೆ, ಹತ್ತು ದಾಟಿದರೆ ಕಷ್ಟ.

ಹರಳು ಔಷಧಿ ಎರಚಿದೆ. ಹುಳ ಆಗಲೇ ದಪ್ಪಗಾಗಿದ್ದವು, ಅಷ್ಟು ಬಲಿತ ಮೇಲೆ ಸುಲಭಕ್ಕೆ ಸಾಯಲ್ಲ. ಔಷಧಿಯ ಅರ್ಧ ಭಾಗ ಹುಲ್ಲಿನ ಬುಡದ ಒಣ ಕಸದಲ್ಲೇ ಸಿಕ್ಕಿಕೊಂಡಿತ್ತು ಅಂತ ಕಾಣುತ್ತದೆ. ಆ ಚೀಲದ ಬಿಲ್ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಜಂತುಹುಳ ಬಿಟ್ಟದ್ದು ಅದಾದ ಮೇಲೆ. ಮೊದಲ ಸಲ ಮಧ್ಯಾಹ್ನ ಹೊಡೆದೆ, ಅದೂ ನಾಜಲ್ಲಿನ ಜಾಲರಿ ತೆಗೆಯದೆ. ಜಾಲರಿಯಲ್ಲಿ ಸಿಕ್ಕಿಕೊಂಡವು ಎಷ್ಟೋ, ಬಿಸಿಲಿಗೆ ಸತ್ತವು ಎಷ್ಟೋ. ಎರಡನೇ ಸಲ ಸಂಜೆಯೇ ಹೊಡೆದೆ, ಆದರೆ ಪೊಟ್ಟಣ ಕಾರಿನಲ್ಲಿ ಇಡೀ ದಿನ ಬೆಂದಿತ್ತು. ಲೆನ್ಸ್ ಹಿಡಿದು ನೋಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ನೀರಿನ ಹನಿಯಲ್ಲಿ ಬಳುಕಿದರೆ ಬದುಕಿವೆ. ಎಲ್ಲವೂ ಸೂಜಿಯ ಹಾಗೆ ನೆಟ್ಟಗೆ ಬಿದ್ದಿದ್ದರೆ ದುಡ್ಡು ಮಣ್ಣುಪಾಲು.

ಮೂರನೇ ಸಲ ಕಾದು ಹೊಡೆದೆ. ಮೊದಲ ಮಳೆಯ ಮಾರನೇ ಸಂಜೆ ದುಂಬಿಗಳು ದೀಪಕ್ಕೆ ಮುತ್ತಿದ್ದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೆ. ಅಲ್ಲಿಂದ ಐದಾರು ವಾರ ಬಿಟ್ಟು ಅಗೆದು ನೋಡಿದರೆ ಮರಿಹುಳಗಳು ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡವು. ಹೊಡೆಯಬೇಕಾದದ್ದು ಆಗಲೇ. ಹೆಟೆರೊರಾಬ್ಡಿಟಿಸ್ ಅನ್ನೋ ಜಾತಿಯ ಜಂತುಹುಳ ತಂದು ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿಟ್ಟೆ. ಸಂಜೆ ಮೊದಲೇ ನೆಲ ನೆನೆಸಿ, ಜಾಲರಿ ಕಿತ್ತು, ಟ್ಯಾಂಕ್ ಅಲ್ಲಾಡಿಸುತ್ತಲೇ ಹೊಡೆದೆ. ಚದರ ಮೀಟರಿಗೆ ಹತ್ತಿರ ಹತ್ತಿರ 5 ಲಕ್ಷ ಜಂತುಹುಳ, ಪೊಟ್ಟಣದಲ್ಲಿ ಬರೆದಿದ್ದರ ಎರಡರಷ್ಟು. ಕೂಡಲೇ ಮತ್ತೆ ನೀರು ಬಿಟ್ಟು ಎಲೆ ಮೇಲಿದ್ದವನ್ನು ಮಣ್ಣಿಗಿಳಿಸಿದೆ. ಎರಡು ವಾರ ನೆಲ ಒಣಗಲು ಬಿಡಲಿಲ್ಲ. ಟ್ಯಾಂಕಿಗೆ ಇನ್ನೊಂದು ಚೂರು ಪದಾರ್ಥ ಸೇರಿಸಿದ್ದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಎಂಟನೇ ದಿನ ಚೂರಿಯಲ್ಲಿ ಮಣ್ಣು ಬಿಡಿಸಿದೆ. ಮೊದಲು ಸಿಕ್ಕಿದ ಗೊಣ್ಣೆಯೇ ಇಟ್ಟಿಗೆ ಬಣ್ಣ! ಈ ಜಂತು ಕೊಂದ ಗುರುತೇ ಅದು. ಮೆತ್ತಗಾಗಿತ್ತು, ಕೊಳೆತ ವಾಸನೆ ಇರಲಿಲ್ಲ. ಕೂಗಿ ಮನೆಯವರನ್ನೆಲ್ಲ ಕರೆದೆ, ಯಾರೂ ಬರಲಿಲ್ಲ. ತಿಂಗಳು ಬಿಟ್ಟು ಎಣಿಸಿದರೆ ಚದರ ಅಡಿಗೆ ಎರಡೋ ಮೂರೋ. ಈ ಸಲದ ಖರ್ಚು ಹಿಂದೆ ಪೋಲಾಗಿದ್ದರ ಕಾಲುಭಾಗವೂ ಇಲ್ಲ.

ಒಂದು ಮೂಲೆಗೆ ಮೆಟರೈಝಿಯಂ (ಹುಳಕ್ಕೆ ರೋಗ ಹಿಡಿಸುವ ಶಿಲೀಂಧ್ರ) ಕೂಡ ಹಾಕಿ ನೋಡಿದೆ. ಹಸಿರು ಬೂಸ್ಟು ಹಿಡಿದ ಹುಳ ಸಿಕ್ಕವು, ಆದರೆ ತುಂಬಾ ನಿಧಾನ. ಸತ್ತ ಹುಳದಿಂದ ಜಂತು ಹೊರಬಂದು ಹೊಸದಕ್ಕೆ ಹತ್ತುತ್ತದಾ ಅಂತ ಇನ್ನೊಂದು ಆಟವೂ ನಡೆದಿದೆ: ಕೆಂಪಾದ ಐದು ಹುಳಗಳನ್ನು ಕುಂಡದ ಹಸಿ ಮಣ್ಣಲ್ಲಿ ಹೂತು, ಆರು ಹೊಸ ಗೊಣ್ಣೆ ಬಿಟ್ಟೆ. ಮೂರು ವಾರಕ್ಕೆ ನಾಲ್ಕು ಕೆಂಪಾಗಿವೆ. ಉಳಿದ ಎರಡು ಇನ್ನೂ ಬೇರು ತಿನ್ನುತ್ತಿವೆ.