ಜೆಲ್‌ನಲ್ಲಿ ಕಂಡ ಮೂರನೇ ಬ್ಯಾಂಡ್

ಲ್ಯಾಬ್ ಸೇರಿದಾಗ ಹೃದಯದ ಮೇಲೇ ಕೆಲಸ ಮಾಡಬೇಕು ಅಂತ ನನಗೇನೂ ಇರಲಿಲ್ಲ. ಎಂಎಸ್ಸಿ ಮುಗಿದಿತ್ತು, ಬೆಂಗಳೂರಿನಲ್ಲಿ ಫೆಲೋಶಿಪ್ ಸಿಕ್ಕಿತ್ತು, ಬಂದೆ. ದಾರಿ ತೋರಿಸಿದ್ದು 2009ರಲ್ಲಿ 'ನೇಚರ್ ಜೆನೆಟಿಕ್ಸ್' ಪತ್ರಿಕೆಯಲ್ಲಿ ಬಂದ ಒಂದು ಸಂಶೋಧನಾ ಲೇಖನ. ಎಂವೈಬಿಪಿಸಿ3 ಅನ್ನುವ ಜೀನ್‌ನಲ್ಲಿ 25 ಡಿಎನ್‌ಎ ಅಕ್ಷರಗಳು ಬಿಟ್ಟುಹೋಗಿರುವುದು ನಮ್ಮ ಉಪಖಂಡದ 100 ಜನರಲ್ಲಿ ಸುಮಾರು 4 ಜನರಲ್ಲಿ ಇದೆ, ಅಂಥವರಿಗೆ ಹೃದಯದ ಸ್ನಾಯುವಿನ ಕಾಯಿಲೆ ಬರುವ ಸಾಧ್ಯತೆ ಜಾಸ್ತಿ ಅಂತ ಅದು ಹೇಳಿತ್ತು. ಅಂದರೆ ಊರಿಗೆ ಹೋಗುವ ಬಸ್ಸಿನಲ್ಲಿ 50 ಜನ ಕೂತಿದ್ದರೆ ಅವರಲ್ಲಿ ಇಬ್ಬರು! ಅವತ್ತು ರಾತ್ರಿ ಹಾಸ್ಟೆಲ್‌ನಲ್ಲಿ ಅದನ್ನು ಮೂರು ಸಲ ಓದಿದೆ.

ಈ ಜೀನ್ ಮಾಡಿಸುವ ಪ್ರೊಟೀನ್ ಹೃದಯದ ಸ್ನಾಯುವಿನ ಎಳೆಗಳಲ್ಲಿ ಇರುತ್ತದೆ. ಎತ್ತಿಗೆ ಮೂಗುದಾರ ಇದ್ದ ಹಾಗೆ, ಸ್ನಾಯುವನ್ನು ಎಳೆಯುವ ಮಯೋಸಿನ್‌ಗೆ ಇದರ ಹಿಡಿತ ಇರುತ್ತದೆ. ಆ 25 ಅಕ್ಷರ ಇಲ್ಲದಿದ್ದರೆ ಜೀನ್ ಓದಿಕೊಳ್ಳುವಾಗ 33ನೇ ಎಕ್ಸಾನ್, ಅಂದರೆ ಪ್ರೊಟೀನ್ ಮಾಡಲು ಬೇಕಾದ ಸಂದೇಶದ ಒಂದು ತುಂಡು, ಬಿಟ್ಟುಹೋಗುತ್ತದೆ, ಪ್ರೊಟೀನ್‌ನ ಬಾಲ ಬೇರೆಯದೇ ಆಗಿ ಬರುತ್ತದೆ. ಎಳೆಗೆ ಗಟ್ಟಿಯಾಗಿ ಅಂಟಿಕೊಳ್ಳಬೇಕಾದದ್ದು ಆ ಬಾಲವೇ.

ನನ್ನ ಕೆಲಸ ಹೇಳೋಕೆ ಸುಲಭ. ರಕ್ತದಿಂದ ಡಿಎನ್‌ಎ ತೆಗೆಯುವುದು, ಪಿಸಿಆರ್ ಮಾಡಿ ಆ ಜಾಗದ ತುಂಡಿಗೆ ಲಕ್ಷಾಂತರ ಪ್ರತಿ ತೆಗೆಯುವುದು, ಕರೆಂಟ್ ಹಾಯಿಸಿ 3% ಅಗರೋಸ್ ಜೆಲ್‌ನಲ್ಲಿ ಓಡಿಸುವುದು. ಗಿಡ್ಡ ತುಂಡು ಬೇಗ ಓಡಿ ಕೆಳಗೆ, ಉದ್ದದ್ದು ಮೇಲೆ ಗೆರೆಯಾಗಿ ನಿಲ್ಲುತ್ತದೆ. ಆ ಗೆರೆಯೇ ಬ್ಯಾಂಡ್. ಅಗರೋಸ್ ಕಡಿಮೆಯಾಗಿ ಜೆಲ್ ತೆಳುವಾದರೆ 25 ಅಕ್ಷರದ ವ್ಯತ್ಯಾಸ ಕಾಣುವುದೇ ಇಲ್ಲ. ಪ್ರತಿಯೊಬ್ಬರಲ್ಲೂ ಈ ಜೀನ್ ಎರಡು ಪ್ರತಿ ಇರುತ್ತದೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಸರಿಯಾದ ಜೀನ್ ಮಾತ್ರ ಇದ್ದವರಿಗೆ ಒಂದು ಬ್ಯಾಂಡ್. ಒಂದು ಸರಿ, ಒಂದು ಗಿಡ್ಡ ಇದ್ದವರಿಗೆ ಎರಡು. ಆದರೆ ನನಗೆ ಅವರಲ್ಲಿ ಮೂರು ಕಾಣಿಸುತ್ತಿತ್ತು. ಎಲ್ಲಕ್ಕಿಂತ ಮೇಲೆ ಮಸುಕಾಗಿ ಇನ್ನೊಂದು.

ಗಲೀಜು ಸೇರಿರಬೇಕು ಅಂದುಕೊಂಡೆ. ಪ್ರೈಮರ್ (ಪಿಸಿಆರ್ ಶುರುಮಾಡುವ ಚಿಕ್ಕ ಡಿಎನ್‌ಎ ತುಂಡು) ಬದಲಾಯಿಸಿದೆ, ಪೈಪೆಟ್ ಒರೆಸಿದೆ, ಹೊಸ ನೀರು ತಂದೆ. ಆದರೂ ಹೋಗಲಿಲ್ಲ. ಗೈಡ್ ಮೇಡಂ ಜೆಲ್ ಫೋಟೋ ನೋಡಿ, "ಒಂದೇ ಬ್ಯಾಂಡ್ ಇರುವವರಲ್ಲಿ ಇದು ಬಂದಿದೆಯಾ ನೋಡಮ್ಮ" ಅಂದರು. ಒಬ್ಬರಲ್ಲೂ ಬಂದಿರಲಿಲ್ಲ. ಆಮೇಲೆ ಉದ್ದದ ತುಂಡು, ಗಿಡ್ಡ ತುಂಡು ಬೇರೆ ಬೇರೆ ಮಾಡಿಕೊಂಡು ಒಂದೇ ಟ್ಯೂಬಿಗೆ ಹಾಕಿದೆ. 95 ಡಿಗ್ರಿಗೆ ಕಾಯಿಸಿ ನಿಧಾನವಾಗಿ ಆರಲು ಬಿಟ್ಟೆ. ಜೆಲ್‌ಗೆ ಹಾಕಿದರೆ ಅದೇ ಮೂರನೇ ಬ್ಯಾಂಡ್! ಉದ್ದದ ಎಳೆಯೊಂದು ಗಿಡ್ಡ ಎಳೆಯ ಜೊತೆ ಜೋಡಿಯಾದಾಗ ಜೋಡಿ ಸಿಗದ 25 ಅಕ್ಷರ ಗಂಟಿನ ಹಾಗೆ ಹೊರಗೆ ಉಬ್ಬಿಕೊಳ್ಳುತ್ತದೆ. ಆ ಉಬ್ಬಿನಿಂದ ತುಂಡು ನಿಧಾನವಾಗಿ ಓಡುತ್ತದೆ, ಮೇಲೆ ನಿಲ್ಲುತ್ತದೆ. ಎರಡು ತಿಂಗಳು ನಾನು ತೊಲಗಿಸಲು ನೋಡಿದ್ದು ಸರಿಯಾದ ಗುರುತನ್ನೇ. ಅವತ್ತಿನಿಂದ ವಿದ್ಯಾರ್ಥಿಗಳಿಗೆ ಅದನ್ನೇ ಮೊದಲು ತೋರಿಸುತ್ತೇನೆ.

ನಿಜವಾದ ಗಲೀಜೂ ಒಮ್ಮೆ ಆಯಿತು. ಡಿಎನ್‌ಎ ಇಲ್ಲದೆ ಬರೀ ನೀರು ಹಾಕಿದ, ಏನೂ ಬರಬಾರದ ಕಂಟ್ರೋಲ್ ಟ್ಯೂಬಿನಲ್ಲಿ ಬ್ಯಾಂಡ್ ಬಂತು. ಮೂರು ವಾರದ ಫಲಿತಾಂಶ ಪೂರ್ತಿ ಬಿಟ್ಟು ಮೊದಲಿನಿಂದ ಮಾಡಿದೆವು. ಬೇಜಾರಾಯಿತು, ಆದರೆ ಒಂದು ಮನೆಯವರ ಹೃದಯದ ಬಗ್ಗೆ ಹೇಳುವ ಮಾತು ಅದು, ಸುಮ್ನೆ ಬಿಡೋಕೆ ಆಗಲ್ಲ ಅಲ್ವಾ?

ಕಷ್ಟವಾಗಿದ್ದು ಮನೆಯವರಿಗೆ ಹೇಳುವುದು. ಹೃದ್ರೋಗ ತಜ್ಞರು ಒಂದು ಮನೆಯವರನ್ನು ಕೂರಿಸಿಕೊಂಡು ವಿವರಿಸುವಾಗ ನಾನೂ ಪಕ್ಕದಲ್ಲಿದ್ದೆ. ತಂದೆಯಲ್ಲಿ ಒಂದು ಗಿಡ್ಡ ಜೀನ್ ಇತ್ತು, ಹೃದಯ ದೊಡ್ಡದಾಗಿತ್ತು, ಮೆಟ್ಟಿಲು ಹತ್ತಿದರೆ ಉಬ್ಬಸ. ಕಾಲೇಜಿಗೆ ಹೋಗುವ ಮಗಳು, "ನನಗೂ ಬರುತ್ತಾ ಡಾಕ್ಟ್ರೇ?" ಅಂತ ಕೇಳಿದಳು. ಗಿಡ್ಡ ಜೀನ್ ಅವಳಿಗೆ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಬಂದಿದ್ದರೂ ಕಾಯಿಲೆ ಬಂದೇ ಬರುತ್ತದೆ ಅಂತ ಏನಿಲ್ಲ. ಇದು ಇದ್ದೂ ಆರಾಮಾಗಿ ಓಡಾಡಿಕೊಂಡಿರುವವರು ಬೇಕಾದಷ್ಟು ಜನ ಇದ್ದಾರೆ. ಕಾಲಕಾಲಕ್ಕೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸುತ್ತಾ ಇರಬೇಕು ಅಂದರು ಡಾಕ್ಟರು. ಅವಳ ಮುಖ ನೋಡಿದಾಗ ಆ ಉತ್ತರ ಸಾಲದು ಅನ್ನಿಸಿತು.

ಒಬ್ಬರಿಗೆ ಯಾಕೆ ಬರುತ್ತೆ, ಇನ್ನೊಬ್ಬರಿಗೆ ಯಾಕೆ ಇಲ್ಲ? ಅಲ್ಲಿಂದ ಈಚೆಗೆ ನನ್ನ ಪ್ರಶ್ನೆ ಇದೇ. 2018ರಲ್ಲಿ ಒಂದು ಸುಳಿವು ಸಿಕ್ಕಿತು. ಈ 25 ಅಕ್ಷರ ಇಲ್ಲದ ಕೆಲವರಲ್ಲಿ ಅದೇ ಜೀನ್‌ನಲ್ಲಿ ಡಿ389ವಿ ಅನ್ನುವ ಇನ್ನೊಂದು ಬದಲಾವಣೆಯೂ ಇರುತ್ತದೆ, ಎರಡೂ ಇದ್ದವರ ಹೃದಯ ಬೇರೆ ರೀತಿ ಬಡಿಯುತ್ತದೆ ಅಂತ ಅಮೆರಿಕದಲ್ಲಿರುವ ದಕ್ಷಿಣ ಏಷ್ಯಾದವರನ್ನು ನೋಡಿದ ತಂಡ ತೋರಿಸಿತು.

ಈಗ ನಾವು ರಕ್ತದ ಕೋಶಗಳನ್ನು ಯಾವ ಕೋಶವಾಗಿಯಾದರೂ ಬೆಳೆಯಬಲ್ಲ ಕಾಂಡಕೋಶವಾಗಿ, ಅದರಿಂದ ಹೃದಯದ ಕೋಶವಾಗಿ ಬೆಳೆಸುತ್ತೇವೆ. ಹತ್ತನೇ ದಿನದ ಹೊತ್ತಿಗೆ ತಟ್ಟೆಯಲ್ಲೇ ಬಡಿಯೋಕೆ ಶುರು. ಮೊದಲ ಸಲ ಮೈಕ್ರೋಸ್ಕೋಪ್‌ನಲ್ಲಿ ಆ ಮಿಡಿತ ನೋಡಿದಾಗ ಪಕ್ಕದ ಲ್ಯಾಬಿನವರನ್ನೆಲ್ಲ ಕರೆದಿದ್ದೆ. ಒಂದು ಸಾಲಿನ ತಟ್ಟೆಗಳಲ್ಲಿ ಬರೀ 25 ಅಕ್ಷರ ಹೋದ ಕೋಶಗಳು, ಇನ್ನೊಂದು ಸಾಲಿನಲ್ಲಿ ಎರಡೂ ಬದಲಾವಣೆ ಇರುವವು. ಮೇಲೆ ಹೆಸರಿಲ್ಲ, ಬರೀ ನಂಬರ್. ಎರಡು ದಿನಕ್ಕೊಮ್ಮೆ ಮೀಡಿಯಂ (ಕೋಶಗಳಿಗೆ ಆಹಾರ ಕೊಡುವ ದ್ರವ) ಬದಲಾಯಿಸಬೇಕು, ಭಾನುವಾರವಾದರೂ, ಹಬ್ಬವಾದರೂ. ಮುಂದಿನ ವಾರ ಅವಕ್ಕೆ 30 ದಿನ ತುಂಬುತ್ತದೆ. ಎಷ್ಟು ಬಲವಾಗಿ ಎಳೆಯುತ್ತವೆ ಅಂತ ಅಳೆಯಬೇಕು.