ಲೀಟರ್ ನೋಡಿ ಕಂಪ್ರೆಸರ್ ಕೊಳ್ಳಲು ಹೊರಟಿದ್ದೆ

ನಮ್ಮ ಮನೆ ಹಿಂದೆ ಮೊದಲು ಸೌದೆ ಒಟ್ಟುತ್ತಿದ್ದ ಶೆಡ್ ಇದೆ. ಈಗ ಅದೇ ನನ್ನ ವರ್ಕ್‌ಶಾಪ್. ಊರು ಶಿವಮೊಗ್ಗ, ಕೆಲಸ ಮರದ್ದು, ಅದೂ ಶನಿವಾರ ಭಾನುವಾರ ಮಾತ್ರ. ಗಾಳಿಯನ್ನು ಒತ್ತಿ ಟ್ಯಾಂಕಿಗೆ ತುಂಬುವ 24 ಲೀಟರಿನ ಪುಟ್ಟ ಕಂಪ್ರೆಸರ್ ಒಂದರಲ್ಲೇ ಐದು ವರ್ಷ ಕಾಲ ಹಾಕಿದೆ. ಸ್ಕೂಟರ್ ಚಕ್ರಕ್ಕೆ ಗಾಳಿ, ಮರದ ಪುಡಿ ಊದುವುದು, ಸಣ್ಣ ಮೊಳೆ ಹೊಡೆಯುವ ಗನ್. ಇಷ್ಟಕ್ಕೆ ಅದು ಚೆನ್ನಾಗಿಯೇ ಇತ್ತು.

ಎಡವಟ್ಟು ಶುರುವಾಗಿದ್ದು ಅಕ್ಕನ ಮನೆಯ ಸಾಗುವಾನಿ ಮಂಚಕ್ಕೆ ಮೆಲಮೈನ್ ಪಾಲಿಶ್ ಹೊಡೆಯಲು ಕೂತಾಗ. ತಲೆ ಕಡೆಯ ಹಲಗೆ ಆರಡಿ ಉದ್ದ. ಮೊದಲ ಒಂದು ನಿಮಿಷ ಪಾಲಿಶ್ ಹೊಡೆಯುವ ಸ್ಪ್ರೇ ಗನ್ ಬೀಸಣಿಗೆ ಹಾಗೆ ಅಗಲವಾಗಿ ಹೊಡೆಯುತ್ತಿತ್ತು. ಆಮೇಲೆ ಅಗಲ ಕುಗ್ಗಿತು, ಹನಿ ಹನಿಯಾಗಿ ಉಗುಳತೊಡಗಿತು. ಒಣಗಿದ ಮೇಲೆ ಕೈ ಆಡಿಸಿದರೆ ಹಲಗೆಯ ಅರ್ಧ ಭಾಗ ಕನ್ನಡಿ, ಇನ್ನರ್ಧ ಕಿತ್ತಳೆ ಸಿಪ್ಪೆ. ಮೂರನೇ ಕೋಟ್ ಹೊತ್ತಿಗೆ ಮೋಟಾರ್ ಕಾದು ಟ್ರಿಪ್ ಆಯಿತು. ತಣ್ಣಗಾಗುವವರೆಗೆ ಕೆಂಪು ಬಟನ್ ಒತ್ತಿದರೂ ಕೂರಲಿಲ್ಲ. ಗನ್ನಿನಲ್ಲಿದ್ದ ಮೆಲಮೈನ್ ಅಷ್ಟರಲ್ಲಿ ಗಟ್ಟಿಯಾಗತೊಡಗಿತ್ತು.

ಟ್ಯಾಂಕ್ ಚಿಕ್ಕದಾಯ್ತು ಅಂದುಕೊಂಡೆ. ನೂರು ಲೀಟರಿನದು ತಂದರೆ ಮುಗಿಯಿತಲ್ಲ? ಅಂಗಡಿಗೆ ಹೋದರೆ ಅಲ್ಲೂ ಅದೇ ಪ್ರಶ್ನೆ, "ಎಷ್ಟು ಲೀಟರಿಂದು ಬೇಕು ಸಾರ್?" ಪುಣ್ಯಕ್ಕೆ ಆ ದಿನ ಕೈಯಲ್ಲಿ ದುಡ್ಡಿರಲಿಲ್ಲ. ಮನೆಗೆ ಬಂದು ಒಂದು ಲೆಕ್ಕ ಹಾಕಿದೆ.

ಬೋರ್‌ವೆಲ್ ಇರುವ ಮನೆಯವರಿಗೆ ಇದು ಬೇಗ ತಿಳಿಯುತ್ತದೆ. ಬೋರಿನಲ್ಲಿ ಅರ್ಧ ಇಂಚು ನೀರು ಬರುತ್ತಿದ್ದರೆ ಸಂಪು ಎಷ್ಟು ದೊಡ್ಡದು ಕಟ್ಟಿದರೇನು? ತುಂಬಿಟ್ಟದ್ದು ಖಾಲಿಯಾದ ಮೇಲೆ ಮತ್ತೆ ಅರ್ಧ ಇಂಚೇ ಗತಿ. ಕಂಪ್ರೆಸರಿನ ಟ್ಯಾಂಕ್ ಅಂದರೆ ಸಂಪು. ಪಂಪ್ ನಿಮಿಷಕ್ಕೆ ಎಷ್ಟು ಗಾಳಿ ಕೊಡುತ್ತದೆ ಅನ್ನುವುದೇ ಬೋರಿನ ಇಂಚು. ಅದನ್ನು ಸಿಎಫ್‌ಎಂನಲ್ಲಿ ಹೇಳುತ್ತಾರೆ. ಒಂದು ಸಿಎಫ್‌ಎಂ ಅಂದರೆ ನಿಮಿಷಕ್ಕೆ ಸುಮಾರು 28 ಲೀಟರ್ ಗಾಳಿ.

ನನ್ನ ಹಳೆಯ ಕಂಪ್ರೆಸರಿನ ಚೀಟಿಯ ಮೇಲೆ 6 ಸಿಎಫ್‌ಎಂ ಅಂತ ಇತ್ತು. ನಿಜವೋ ಅಂತ ಅಳೆದು ನೋಡಿದೆ. ಇದಕ್ಕೆ ಮೊಬೈಲ್ ಗಡಿಯಾರ ಸಾಕು. ಔಟ್‌ಲೆಟ್ ಮುಚ್ಚಿ, ಒತ್ತಡ ತೋರಿಸುವ ಗೇಜಿನ ಮುಳ್ಳು 4 ಬಾರ್‌ನಿಂದ 6 ಬಾರ್‌ಗೆ ಏರಲು ಎಷ್ಟು ಹೊತ್ತು ಅಂತ ನೋಡಿದೆ. 32 ಸೆಕೆಂಡ್. ಒಂದು ಬಾರ್ ಅಂದರೆ ಸುಮಾರು ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು. ಹಾಗಾಗಿ ಎರಡು ಬಾರ್ ಏರಬೇಕಾದರೆ ಟ್ಯಾಂಕಿನ ಎರಡರಷ್ಟು, ಅಂದರೆ 48 ಲೀಟರ್ ಗಾಳಿ ಒಳಗೆ ಹೋಗಿರಬೇಕು. ನಿಮಿಷಕ್ಕೆ 90 ಲೀಟರ್, ಬರೀ 3.2 ಸಿಎಫ್‌ಎಂ! ಇದರಲ್ಲಿ ಮೋಸ ಏನಿಲ್ಲ. ಚೀಟಿಯಲ್ಲಿ ಬರೆಯುವುದು ಹೆಚ್ಚಾಗಿ ಪಿಸ್ಟನ್ ಓಡಾಡುವ ಜಾಗದ ಲೆಕ್ಕ. ಒತ್ತಡದ ಎದುರು ಹೊರಗೆ ಬರುವ ಗಾಳಿ ಅದಕ್ಕಿಂತ ಕಡಿಮೆಯೇ. ಅದನ್ನು ಎಫ್‌ಎಡಿ ಅನ್ನುತ್ತಾರೆ. ಅಂಗಡಿಯಲ್ಲಿ ಆ ಪದ ಹೇಳಿ ಕೇಳಬೇಕು.

ನನ್ನ ಗನ್ನಿಗೆ ನಿಮಿಷಕ್ಕೆ ಸುಮಾರು 200 ಲೀಟರ್ ಬೇಕು, 3 ಬಾರ್‌ನಲ್ಲಿ. ಬರುವುದು 90, ಹೋಗುವುದು 200. ಟ್ಯಾಂಕಿನಲ್ಲಿ 8 ಬಾರ್ ಇದ್ದರೂ ಒಂದು ನಿಮಿಷ ಚಿಲ್ಲರೆಗೆ 3ಕ್ಕೆ ಇಳಿದುಬಿಡುತ್ತದೆ. ಮಂಚದ ಹಲಗೆಯಲ್ಲಿ ಆಗಿದ್ದು ಅದೇ. ಅದೇ ಪಂಪಿಗೆ ನೂರು ಲೀಟರಿನ ಟ್ಯಾಂಕ್ ಹಾಕಿದ್ದರೆ ನಾಲ್ಕೂವರೆ ನಿಮಿಷ ಸಿಗುತ್ತಿತ್ತು. ಮತ್ತೆ ತುಂಬಲು ಐದೂವರೆ ನಿಮಿಷ. ಮೋಟಾರ್ ಇನ್ನೂ ಜಾಸ್ತಿ ಬಿಸಿಯಾಗುತ್ತಿತ್ತು, ಅಷ್ಟೇ.

ಇನ್ನೊಂದು ವಿಷಯ. ಹೊಸದು ಕೊಳ್ಳುವ ಮೊದಲು ಪೈಪ್ ನೋಡಿಕೊಳ್ಳಿ. ನನ್ನ ಸುರುಳಿ ಪೈಪ್ 8 ಎಂಎಂನದು. ಅದು ಹೊರಗಿನ ಅಳತೆ, ಒಳಗಿನ ತೂತು ಬರೀ 5 ಎಂಎಂ. ಗನ್ನಿನ ಬುಡಕ್ಕೆ ಗೇಜ್ ಕಟ್ಟಿ ಟ್ರಿಗರ್ ಒತ್ತಿದರೆ ಒಂದು ಬಾರ್‌ಗಿಂತ ಹೆಚ್ಚು ಬಿದ್ದು ಹೋಗುತ್ತಿತ್ತು. ಒಳಗೆ 10 ಎಂಎಂ ಇರುವ ಪೈಪ್ ಹಾಕಿದ ದಿನ ಅದೇ ಪುಟ್ಟ ಕಂಪ್ರೆಸರಿನಲ್ಲೂ ಗನ್ ಬೇರೆಯೇ ಆಯಿತು. ಸಣ್ಣಪುಟ್ಟ ಕೆಲಸ ಮಾಡುವವರಿಗೆ ಅಷ್ಟೇ ಸಾಕಾಗಬಹುದು.

ನನಗೆ ಸಾಕಾಗಲಿಲ್ಲ. 200 ಲೀಟರ್ ಬೇಕು, ಪಂಪಿಗೆ ಸ್ವಲ್ಪ ಉಸಿರಾಡಲೂ ಬಿಡಬೇಕು. ಹಾಗಾಗಿ 9 ಸಿಎಫ್‌ಎಂ ನಿಜವಾಗಿ ಕೊಡುವಂಥದ್ದು ಬೇಕಿತ್ತು. ಇಂಥ ಪಿಸ್ಟನ್ ಪಂಪ್ ಒಂದು ಎಚ್‌ಪಿಗೆ ಮೂರರ ಮೇಲೆ ಸ್ವಲ್ಪ ಸಿಎಫ್‌ಎಂ ಕೊಡುತ್ತದೆ. ಅಂದರೆ 3 ಎಚ್‌ಪಿ.

ಅಷ್ಟರಲ್ಲಿ ಗುಜರಿಯಲ್ಲಿ ಒಂದು ಆಸೆ ಕಾಣಿಸಿತು. ಯಾವುದೋ ಗ್ಯಾರೇಜಿನಿಂದ ಬಂದ 5 ಎಚ್‌ಪಿ, 220 ಲೀಟರ್, ಹೊಸದರ ಅರ್ಧಕ್ಕೂ ಕಡಿಮೆ ಬೆಲೆ. ಅಡಿಯ ಡ್ರೈನ್ ಬೋಲ್ಟ್ ಬಿಚ್ಚಿಸಿದೆ. ಕೆಂಪು ರಾಡಿ ನೀರು ಸುರಿಯಿತು, ಜೊತೆಗೆ ತುಕ್ಕಿನ ಚಕ್ಕೆ. ಟ್ಯಾಂಕ್ ತುಕ್ಕು ಹಿಡಿಯುವುದು ಒಳಗಿನಿಂದ, ಗಾಳಿಯ ತೇವ ನೀರಾಗಿ ನಿಲ್ಲುವ ಅಡಿಭಾಗದಲ್ಲಿ. ಹೊರಗೆ ಹೊಸ ಬಣ್ಣ ಹೊಡೆದರೆ ಯಾರಿಗೂ ಗೊತ್ತಾಗುವುದಿಲ್ಲ. ನೀರು ತುಂಬಿಸಿ ಒತ್ತಡ ಕೊಟ್ಟು ಟೆಸ್ಟ್ ಮಾಡಿಸಿಕೊಡಿ ಅಂದೆ. "ಇಷ್ಟು ವರ್ಷ ಒಡೆದಿಲ್ಲ, ಇನ್ನು ಒಡೆಯುತ್ತಾ?" ಅಂದ ಗುಜರಿಯವ. ಮಕ್ಕಳು ಓಡಾಡುವ ಮನೆಯ ಹಿತ್ತಿಲಿಗೆ ಅಂಥದ್ದು ಬೇಡ ಅಂತ ಬಂದುಬಿಟ್ಟೆ. ಅದು ತ್ರೀ ಫೇಸ್ ಬೇರೆ, ನಮ್ಮದು ಸಿಂಗಲ್ ಫೇಸ್ ಮನೆ.

ಮನೆಯ ಕರೆಂಟು 3 ಎಚ್‌ಪಿಯನ್ನಾದರೂ ತಾಳುತ್ತದಾ? ನಮ್ಮ ಎಲೆಕ್ಟ್ರಿಷಿಯನ್ ಮೀಟರ್ ಬೋರ್ಡ್ ನೋಡಿ ನಕ್ಕರು. "15 ಆಂಪ್ ಸಾಕೆಟ್ಟಿಗೆ ಚುಚ್ಚುತ್ತೀರಾ ಮಾರಾಯ್ರೇ? ಓಡುವಾಗಲೇ ಅಷ್ಟು ಎಳೆಯುತ್ತೆ. ಸ್ಟಾರ್ಟ್ ಆಗುವಾಗ ಅದರ ಐದಾರು ಪಟ್ಟು." ಬೋರ್ಡಿನಿಂದ ನೇರವಾಗಿ 4 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್, ಅದಕ್ಕೇ ಬೇರೆ ಸಿ ಟೈಪ್ ಎಂಸಿಬಿ (ಸ್ಟಾರ್ಟ್ ಆಗುವಾಗಿನ ಎಳೆತಕ್ಕೆ ಸುಮ್ಮನೆ ಬೀಳದಂಥದ್ದು), ಸರಿಯಾದ ಅರ್ಥಿಂಗ್ ಹಾಕಿಕೊಟ್ಟರು. ಮಂಜೂರಾದ ಲೋಡ್ 3 ಕಿಲೋವ್ಯಾಟ್ ಇತ್ತು, ಮೆಸ್ಕಾಂಗೆ ಅರ್ಜಿ ಕೊಟ್ಟು 5 ಮಾಡಿಸಿದೆ. ತಿಂಗಳ ನಿಗದಿ ಶುಲ್ಕ ಏರಿತು, ಅದನ್ನೂ ಕಂಪ್ರೆಸರಿನ ಬೆಲೆಗೇ ಸೇರಿಸಿಕೊಳ್ಳಬೇಕು. ಸಂಜೆ ವೋಲ್ಟೇಜ್ 200ಕ್ಕಿಂತ ಕೆಳಗೆ ಬಂದರೆ ಮೋಟಾರ್ ಗುಂಯ್ ಅನ್ನುತ್ತದೆ, ಏಳುವುದಿಲ್ಲ. ಆ ಹೊತ್ತಿನಲ್ಲಿ ನಾನು ಆನ್ ಮಾಡುವುದೇ ಇಲ್ಲ.

ಕೊನೆಗೆ ತಂದದ್ದು 3 ಎಚ್‌ಪಿ, 160 ಲೀಟರ್, ಬೀಡು ಕಬ್ಬಿಣದ ಪಂಪ್, ಬೆಲ್ಟಿನದು. ಬೆಲ್ಟ್ ಇದ್ದರೆ ಪಂಪ್ ನಿಧಾನ ತಿರುಗುತ್ತದೆ. ಹಳೆಯದು ಮೋಟಾರಿಗೇ ಅಂಟಿಕೊಂಡು ಕಿರುಚುತ್ತಿತ್ತು, ಇದು ಗುಡುಗುಡು ಅನ್ನುತ್ತದೆ. ಮಧ್ಯಾಹ್ನ ಮಲಗುವ ಅಮ್ಮನ ತಕರಾರು ಅರ್ಧ ಕಡಿಮೆಯಾಗಿದೆ. ವಾಲ್ವ್ ಪ್ಲೇಟ್, ರಿಂಗ್, ಗ್ಯಾಸ್ಕೆಟ್ ಊರಲ್ಲೇ ಸಿಗುತ್ತವಾ ಅಂತ ಮೊದಲೇ ಕೇಳಿಕೊಂಡಿದ್ದೆ. ಅಂಗಡಿಯಲ್ಲೇ ಓಡಿಸಿ ಮತ್ತೆ ಗಡಿಯಾರ ಹಿಡಿದೆ. 5 ಬಾರ್‌ನಿಂದ 7ಕ್ಕೆ 75 ಸೆಕೆಂಡ್. 320 ಲೀಟರಿನ ಲೆಕ್ಕಕ್ಕೆ ನಿಮಿಷಕ್ಕೆ 256, ಅಂದರೆ 9 ಸಿಎಫ್‌ಎಂ. ಅಂಗಡಿಯ ಹುಡುಗ ನನ್ನನ್ನು ವಿಚಿತ್ರವಾಗಿ ನೋಡಿದ.

ಕಂಪ್ರೆಸರಿನಿಂದ ಗನ್ನಿನ ಕಡೆಗೆ ಗಾಳಿ ಒಯ್ಯುವ ಪೈಪಿಗೆ ಪ್ಲಂಬರ್ ಪಿವಿಸಿ ಅಂದರು, ಅರ್ಧ ಖರ್ಚು ಉಳಿಯುತ್ತದಂತೆ. ನೀರಿನ ಪಿವಿಸಿ ಒಡೆದರೆ ನೀರು ಚಿಮ್ಮುತ್ತದೆ. ಗಾಳಿ ತುಂಬಿದ್ದು ಒಡೆದರೆ ಚೂರುಗಳು ಹಾರಿ ಮೈಗೆ ನಾಟುತ್ತವೆ. ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪ್ ಹಾಕಿಸಿದೆ, ಸ್ವಲ್ಪ ಇಳಿಜಾರು ಕೊಟ್ಟು. ಗನ್ನಿನ ಕಡೆಗೆ ಹೋಗುವ ಕವಲನ್ನು ಪೈಪಿನ ಮೇಲ್ಗಡೆಯಿಂದ ತೆಗೆಸಿದೆ, ತಗ್ಗಿನ ತುದಿಯಲ್ಲಿ ನೀರು ಬಿಡಲು ಒಂದು ನಲ್ಲಿ. ನೀರು ಹಿಡಿಯುವ ಫಿಲ್ಟರನ್ನು ಕಂಪ್ರೆಸರಿನ ಪಕ್ಕ ಕೂರಿಸಿದರೆ ಸುಮ್ನೆ. ಅಲ್ಲಿ ಗಾಳಿ ಬಿಸಿ, ನೀರು ಇನ್ನೂ ಆವಿಯಾಗಿಯೇ ದಾಟಿಹೋಗುತ್ತದೆ. ಮೂವತ್ತಡಿ ಕಬ್ಬಿಣದ ಪೈಪಿನಲ್ಲಿ ತಣ್ಣಗಾದ ಮೇಲೆ, ಗನ್ನಿನ ಹತ್ತಿರ ಇಟ್ಟರೆ ಸಿಕ್ಕಿಬೀಳುತ್ತದೆ. ಜುಲೈನ ಮಳೆಯಲ್ಲಿ ಒಂದು ಗಂಟೆ ಓಡಿಸಿದರೆ ಟ್ಯಾಂಕಿನಿಂದಲೇ ಒಂದು ದೊಡ್ಡ ಲೋಟ ನೀರು ಬರುತ್ತದೆ. ಕೆಲಸ ಮಾಡಿದ ದಿನ ಸಂಜೆ ನಲ್ಲಿ ತಿರುಗಿಸಲೇಬೇಕು.

ಆದರೂ ಆ ಮಳೆಗಾಲದಲ್ಲಿ ಪಾಲಿಶ್ ಮೇಲೆ ಬಿಳಿ ಮಂಜು ಕಟ್ಟಿತು. ಇಷ್ಟೆಲ್ಲ ಖರ್ಚು ಮಾಡಿಯೂ ಹೀಗಾ ಅಂತ ತಲೆಕೆಟ್ಟಿತು. ಅದು ಪೈಪಿನ ನೀರಲ್ಲ, ಶೆಡ್ಡಿನ ಹವೆಯ ತೇವ. ಥಿನ್ನರ್ ಆರುವಾಗ ಮರದ ಮೈ ತಣ್ಣಗಾಗಿ ತೇವ ಕೂರುತ್ತದೆ. ಅದಕ್ಕೆ ಯಾವ ಕಂಪ್ರೆಸರೂ ಮದ್ದಲ್ಲ. ನಿಧಾನ ಆರುವ ಥಿನ್ನರ್ ಬೆರೆಸಿದರೆ ಸ್ವಲ್ಪ ವಾಸಿ, ಬಿಸಿಲು ಬರುವವರೆಗೆ ಕಾದರೆ ಪೂರ್ತಿ ವಾಸಿ.

ಮೊನ್ನೆ ಗಾಳಿಯಿಂದ ಓಡುವ ಸ್ಯಾಂಡರ್ ಕೊಳ್ಳೋಣ ಅಂತ ಅದರ ಚೀಟಿ ತಿರುಗಿಸಿ ಓದಿದೆ. 12 ಸಿಎಫ್‌ಎಂ, ಅದೂ ಎಡೆಬಿಡದೆ. ಅಲ್ಲೇ ಇಟ್ಟು ಕರೆಂಟಿನದು ತಂದೆ.