ಮರಿ ಕಚ್ಚುವುದು ನಿಂತಿದ್ದು ಹೀಗೆ
ನಮ್ಮ ಲ್ಯಾಬ್ರಡಾರ್ ನಾಯಿಮರಿ ಮಕ್ಕಳ ಕಾಲಿಗೇ ಬಾಯಿ ಹಾಕುತ್ತಿತ್ತು. ಚಡ್ಡಿಯ ಅಂಚು ಹಿಡಿದು ಎಳೆಯುವುದು, ಮಗು ಕಿರುಚಿ ಓಡುವುದು, ಅದಕ್ಕೆ ಇನ್ನೂ ಜಾಸ್ತಿ ಹುರುಪು. ಗದರಿಸಿದರೆ ಅದೂ ಆಟವೇ.

ಎಲ್ಲಕ್ಕಿಂತ ಕೆಲಸ ಮಾಡಿದ್ದು ನಿದ್ದೆ. ಮರಿಗಳಿಗೆ ದಿನಕ್ಕೆ ಸುಮಾರು 18 ಗಂಟೆ ನಿದ್ದೆ ಬೇಕು. ಮಕ್ಕಳ ಗಲಾಟೆಯಲ್ಲಿ ಅದೆಲ್ಲಿ ಸಿಗಬೇಕು? ಸಂಜೆ ಹೊತ್ತಿಗೆ ಸುಸ್ತಾಗಿ ಕಚ್ಚುತ್ತಿತ್ತು. ಹಾಲ್ ಮೂಲೆಗೆ ಸಣ್ಣ ಗೇಟ್ ಹಾಕಿ ಒಳಗೆ ಹಾಸಿಗೆ ಮಾಡಿದೆವು. ಅದು ಮಲಗಿದಾಗ ಮಕ್ಕಳು ಆ ಕಡೆ ಹೋಗುವಂತಿಲ್ಲ.

ವಸಡಿನ ನವೆಗೆ ಒದ್ದೆ ಬಟ್ಟೆ ಗಂಟು ಕಟ್ಟಿ, ಫ್ರೀಜರ್‌ನಲ್ಲಿಟ್ಟು, ನಮ್ಮ ಕಣ್ಣೆದುರೇ ಕಚ್ಚಲು ಕೊಟ್ಟೆವು. ಹಲ್ಲು ತಾಗಿದರೆ ಆಟ ಬಂದ್. ಮಕ್ಕಳಿಗೆ ಕೈಕಟ್ಟಿ ಅಲುಗಾಡದೆ ನಿಲ್ಲುವುದನ್ನು ಕಲಿಸಿದೆ. ಈಗ ಬಾಯಿ ಹಾಕುವುದು ಆಟಿಕೆಗೆ ಮಾತ್ರ.

ಮರಿಯೇ ಅಲ್ವಾ ಅಂತ ಹಲ್ಲಿನ ಗೀರನ್ನು ಸುಮ್ನೆ ಬಿಡಬೇಡಿ. ಸೋಪು ಹಾಕಿ 15 ನಿಮಿಷ ತೊಳೆದು, ಅವತ್ತೇ ಡಾಕ್ಟರಿಗೆ ತೋರಿಸಿ.